ಮಿರ್ಚಿ, ಮಂಡಕ್ಕಿ ಮತ್ತು ಚಾರ್ಲಿಯ ಬಲಗೈ

ಸಂಜೆ ಆರಕ್ಕೆ ದಾವಣಗೆರೆಯ ಜಯದೇವ ಸರ್ಕಲ್ ಕಡೆಯ ಮಿರ್ಚಿ ಅಂಗಡಿ ಮುಂದೆ ನಾವು ನಾಲ್ಕು ಜನ ಸೇರಿದರೆ ಮಾತು ಮೆಕ್ಕೆಜೋಳದ ರೇಟಿನಿಂದ ಶುರುವಾಗಿ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಮೊನ್ನೆ ಲಂಡನ್ನಿಗೆ ಹೋಯಿತು. ತಪ್ಪು ಮೇಷ್ಟ್ರದು. ಖಾರ ಮಂಡಕ್ಕಿ ಪೊಟ್ಟಣಕ್ಕೆ ಫೋನು ಆನಿಸಿ ಇಂಗ್ಲೆಂಡಿನ ರಾಕ್ ಬ್ಯಾಂಡು ರೋಲಿಂಗ್ ಸ್ಟೋನ್ಸ್‌ನವರ 'ಹ್ಯಾಕ್ನಿ ಡೈಮಂಡ್ಸ್' ಆಲ್ಬಮ್ ಹಚ್ಚಿಬಿಟ್ಟರು.

"2023ರ ಅಕ್ಟೋಬರಿನಾಗೆ ಬಂದಿದ್ದು. ಸ್ವಂತ ಹಾಡಿನ ಆಲ್ಬಮ್ ಮಾಡಿ 18 ವರ್ಷ ಆಗಿತ್ತು. ಹಾಡೋ ಮಿಕ್ ಜಾಗರ್‌ಗೆ ಆಗ 80."

"ಎಂಬತ್ತಕ್ಕೆ ಇಷ್ಟು ಕಿರುಚ್ತಾನಾ?" ಮಿಲ್ಲಿನಜ್ಜನಿಗೆ ಹೊಟ್ಟೆಕಿಚ್ಚು. "ನಂಗೆ ಎಪ್ಪತ್ತೆರಡು. ಕಂಡಕ್ಟರಿಗೆ 'ತಡಿಯಪ್ಪ' ಅನ್ನಾಕೂ ಉಸಿರು ಸಾಲಲ್ಲ."

"ಅಜ್ಜ, ಹಾಡೋನನ್ನ ಬಿಡು. ಹಿಂದೆ ಕೇಳು. ಡ್ರಮ್ಮು, ಬೇಸು ಅಂದ್ರೆ ದಪ್ಪ ದನಿ ಗಿಟಾರು. ಡ್ರಮ್ಮಿನ ಚಾರ್ಲಿ ವಾಟ್ಸ್ 1963ರಿಂದ ಇದ್ದವನು, 2021ರ ಆಗಸ್ಟಿನಾಗೆ ತೀರ್ಕೊಂಡ. ಇದರಾಗೆ 12 ಹಾಡೈತೆ, ಎರಡರಾಗೆ ಮಾತ್ರ ಅವನ ಕೈ ಐತೆ. ಯಾವೆರಡು? ಹೇಳಿದೋರಿಗೆ ಇವತ್ತಿನ ಮಿರ್ಚಿ ನನ್ನ ಲೆಕ್ಕ."

ಮೇಷ್ಟ್ರು ಮಿರ್ಚಿ ಕೊಡಿಸುವುದೆಂದರೆ ದುಗ್ಗಮ್ಮನ ಜಾತ್ರೆ ಇದ್ದ ಹಾಗೆ, ಎರಡು ವರ್ಷಕ್ಕೊಮ್ಮೆ. ಡೊಳ್ಳಿನ ಮಾಮ ಟವೆಲಿಗೆ ಕೈ ಒರೆಸಿಕೊಂಡು ಹತ್ತಿರ ಬಂದ. ಮಾಮ ಹುಟ್ಟಿದಾಗಿನಿಂದ ಇಂಗ್ಲಿಷ್ ಹಾಡು ಕೇಳಿದವನಲ್ಲ, ಆದರೆ ಅವನ ಡೊಳ್ಳು ಕೇಳಿ ಪಕ್ಕದೂರಿನ ಎತ್ತೂ ಹೆಜ್ಜೆ ಬದಲಿಸುತ್ತದೆ ಎಂದು ಅವನೇ ಹೇಳುತ್ತಾನೆ.

ಮೊದಲನೇ ಹಾಡಿಗೇ ಮಾಮ ತಲೆ ಅಲ್ಲಾಡಿಸಿದ. "ಇವ ಗಟ್ಟಿ ಆಳು. ನೆಲ ಬಗೆಯೋ ಹಂಗೆ ಬಾರಿಸ್ತಾನೆ. ಆದ್ರೆ ನೀವು ಹೇಳಿದ ಮುದುಕ ಅಲ್ಲ."

"ಕರೆಕ್ಟು. ಅವನು ಸ್ಟೀವ್ ಜೋರ್ಡನ್. ಗಿಟಾರಿನ ಕೀತ್ ರಿಚರ್ಡ್ಸ್ ಜೊತೆ ಎಂಬತ್ತರ ದಶಕದಿಂದ ಬಾರಿಸ್ತಿದ್ದ. ಹುಷಾರಿಲ್ಲದಾಗ ನನ್ನ ಬದಲು ಇವನನ್ನ ಕೂರಿಸ್ರಪ್ಪ ಅಂತ ಚಾರ್ಲೀನೇ ಹೇಳಿದ್ದ."

ನಾನು ಬೇಸ್ ಯಾರದು ಎಂದೆ. ಕೇಳಬಾರದಿತ್ತು. ಮದುವೆ ಮನೆಯಲ್ಲಿ ಸಾರಿನ ಬಕೆಟ್ ಯಾರ ಕೈಗೆ ಸಿಕ್ಕರೆ ಅವರೇ ಬಡಿಸುವಂತೆ ಈ ಆಲ್ಬಮಿನ ಬೇಸು. ಎಲ್ಲೋ ಕೀತ್, ಇನ್ನೆಲ್ಲೋ ಬ್ಯಾಂಡಿನ ಇನ್ನೊಬ್ಬ ಗಿಟಾರಿನವ ರಾನ್ ವುಡ್, ಕೆಲವಕ್ಕೆ ಪ್ರೊಡ್ಯೂಸರ್ ಆಂಡ್ರ್ಯೂ ವಾಟ್, ಒಂದು ಹಾಡಿಗಂತೂ ಪಕ್ಕದ ಬೀದಿಯ ಬೀಗರಂತೆ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿಯೇ ಬಂದು ಬಡಿಸಿ ಹೋಗಿದ್ದಾನೆ. ಮೇಷ್ಟ್ರು ಇದನ್ನೆಲ್ಲ ಹೇಳುವಷ್ಟರಲ್ಲಿ ನನ್ನ ಮಿರ್ಚಿ ತಣ್ಣಗಾಯಿತು.

ಅಷ್ಟರಲ್ಲಿ ಮಾಮ, "ತಡೀರಿ! ಇವನೇ ಆ ಮುದುಕ."

ಮೇಷ್ಟ್ರ ಕೈಯ ಮಂಡಕ್ಕಿ ಬಾಯಿಗೆ ಹೋಗಲಿಲ್ಲ. "ಹೆಂಗೆ ಗೊತ್ತಾಯ್ತು?"

"ಬಲಗೈ ಚಿಕ್ ಚಿಕ್ ಅಂತ ತಟ್ಟೆ ಮೇಲೆ ಹೋಗ್ತಿರ್ತೈತೆ. ಎಡಗೈ ಏಟು ಬೀಳೋ ಹೊತ್ತಿಗೆ ಬಲಗೈ ಗಪ್ಪು. ಬೇರೆಯವರು ಎರಡೂ ಕೂಡಿ ಹೊಡೀತಾರೆ. ಇವನ ಎಡಗೈ ಮಾತಾಡುವಾಗ ಬಲಗೈ ಅಡ್ಡ ಬಾಯಿ ಹಾಕಂಗಿಲ್ಲ."

ನಿಜ. ಸ್ನೇರ್ ಎಂಬ ಚಿಕ್ಕ ಡ್ರಮ್ಮು ಹೊಡೆಯುವಾಗ ಹೈ-ಹ್ಯಾಟ್ ಎಂಬ ಜೋಡಿ ತಟ್ಟೆ ಬಿಟ್ಟುಬಿಡುವುದು ಚಾರ್ಲಿಯ ಹಳೇ ರೂಢಿ. ಅದಕ್ಕೇ ಆ ಏಟು ಒಂಟಿಯಾಗಿ, ನಿಚ್ಚಳವಾಗಿ ಕೇಳುತ್ತದೆ. ಜೋರ್ಡನ್ ಚೆನ್ನಾಗಿಲ್ಲ ಅಂತಲ್ಲ. ಆದರೆ ಅವನ ಹಾಡಿಗೆ ಎದ್ದು ನಿಲ್ಲಬೇಕು ಅನಿಸಿದರೆ ಚಾರ್ಲಿಯ ಹಾಡಿಗೆ ಕೂತಲ್ಲೇ ಭುಜ ಕುಣಿಯುತ್ತದೆ.

ಮೇಷ್ಟ್ರ ದನಿ ಮೆತ್ತಗಾಯಿತು. "ಇದರ ಬೇಸ್ ಕೇಳ್ರಿ. ಬಿಲ್ ವೈಮನ್. 1993ರಾಗೆ ಬ್ಯಾಂಡು ಬಿಟ್ಟೋನು ಈ ಒಂದು ಹಾಡಿಗೆ ವಾಪಸ್ ಬಂದ. ಚಾರ್ಲಿ ಬದುಕಿದ್ದಾಗ ಬಾರಿಸಿಟ್ಟಿದ್ದಕ್ಕೆ, ಅವನು ಹೋದಮೇಲೆ ಇವನು ಬಂದು ಬೇಸ್ ಸೇರಿಸಿದ. ಬೇರೆ ಬ್ಯಾಂಡಿನಾಗೆ ಎಲ್ಲಾರೂ ಡ್ರಮ್ಮಿನ ಹಿಂದೆ ಹೋಗ್ತಾರೆ, ನಮ್ಮಲ್ಲಿ ಡ್ರಮ್ಮೇ ಕೀತ್ ಗಿಟಾರಿನ ಹಿಂದೆ ಹೋಗ್ತಿತ್ತು ಅಂತ ಇದೇ ಬಿಲ್ ಹೇಳ್ತಿದ್ದ. ಅದಕ್ಕೇ ಒಂಚೂರು ಓಲಾಡ್ತೈತೆ."

"ಅಂದ್ರೆ ಎಡವೋ ಹಂಗೆ ಮಾಡಿ ಎಡವಲ್ಲ," ಅಂದ ಅಜ್ಜ. "ನಮ್ಮ ಮಿಲ್ಲಿನ ಮಗ್ಗ ಒಂದು ಏಟೂ ತಪ್ಪುತಿರಲಿಲ್ಲ. ಅದಕ್ಕೇ ರಾತ್ರಿ ಪಾಳಿಯಾಗೆ ನಿದ್ದೆ ಬರ್ತಿತ್ತು."

2003ರ ಏಪ್ರಿಲ್‌ನಲ್ಲಿ ಸ್ಟೋನ್ಸ್ ಬೆಂಗಳೂರಿಗೆ ಬಂದಾಗ ಮೇಷ್ಟ್ರು ಹೋಗಿದ್ದರು. ಚಾರ್ಲಿ ಹೆಂಗಿದ್ದ ಅಂತ ಕೇಳಿದೆ. "ನಾನು ನಿಂತ ಜಾಗದಿಂದ ಒಂದು ಮಂಡಕ್ಕಿ ಕಾಳಿನಷ್ಟು," ಎಂದರು. ಅವನಿಗೆ ಹಳೇ ಕಾರಿನ ಹುಚ್ಚಂತೆ. ಕೊಂಡು ಕೊಂಡು ಇಡುತ್ತಿದ್ದ, ಡ್ರೈವಿಂಗ್ ಮಾತ್ರ ಬರುತ್ತಿರಲಿಲ್ಲ. ಸುಮ್ಮನೆ ಒಳಗೆ ಕೂರುತ್ತಿದ್ದನಂತೆ.

"ಇನ್ನೊಂದು ಹಾಡು ಯಾವುದು ಮಾಮ?"

ಮಾಮ ಉಳಿದವನ್ನೆಲ್ಲ ಕೇಳಿ ಕೊನೆಯದಕ್ಕೆ ಬೆರಳಿಟ್ಟ. ಮೇಷ್ಟ್ರು ಬಿದ್ದು ಬಿದ್ದು ನಕ್ಕರು. "ಲೇ, ಅದರಾಗೆ ಮಿಕ್ಕು, ಕೀತು ಇಬ್ರೇ. ಡ್ರಮ್ಮೇ ಇಲ್ಲ!"

"ಅದಕ್ಕೇ ಹೇಳಿದ್ದು. ಹಾಡಿನುದ್ದಕ್ಕೂ ಇಷ್ಟು ಚೆಂದಾಗಿ ಸುಮ್ಮನಿರೋದು ಇನ್ಯಾರಿಗೆ ಬರ್ತೈತೆ?"

ಅರ್ಧ ಗೆದ್ದ, ಅರ್ಧ ದುಡ್ಡು ಕೊಡಬೇಕು ಅಂತ ಅಜ್ಜನ ತೀರ್ಪು. ಗೆದ್ದ ಹಾಡಿಗೆ ಬಿಲ್ ವೈಮನ್ನೂ ಸೇರಿ ಎರಡು ಲೆಕ್ಕ ಅಂತ ಮಾಮನ ವಾದ. ಮೂವರೂ ಒಟ್ಟಿಗೆ ಮಾತಾಡುತ್ತಿದ್ದಾಗ, ಅಷ್ಟು ಹೊತ್ತೂ ಬಾಯಿ ಬಿಡದ ಅಂಗಡಿಯವನು ಜಾಲರಿಯನ್ನು ಬಾಣಲೆಯ ಅಂಚಿಗೆ ಒಂದೇ ಒಂದು ಸಲ ಬಡಿದ.

"ಮೊನ್ನೇದೂ ಸೇರಿ ಇನ್ನೂರ ನಲವತ್ತು."