ತಟ್ಟೆಯಲ್ಲಿ ಉಳಿಯುವ ಕೊನೇ ತುಂಡಿಗೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಸಂದರ್ಭ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇಂಥದ್ದಕ್ಕೂ ಪದ ಬೇಕಾ ಅನ್ನುತ್ತೀರಿ.

ನಾನಿರುವುದು ಒಸಾಕಾದಲ್ಲಿ. ಕಳೆದ ಶುಕ್ರವಾರ ಆಫೀಸಿನ ಆರು ಜನ ಒಂದು ಇಜಕಾಯಾಕ್ಕೆ ಹೋಗಿದ್ದೆವು. ಕುಡಿಯುತ್ತಾ, ಅದೂ ಇದೂ ತಿನ್ನುತ್ತಾ ಹರಟೆ ಹೊಡೆಯುವ ಜಾಗ ಅದು. ಅಲ್ಲಿ ತನಗೊಂದು ಪ್ಲೇಟ್ ಅಂತ ಯಾರೂ ಆರ್ಡರ್ ಮಾಡುವುದಿಲ್ಲ. ತರಿಸಿದ್ದೆಲ್ಲ ಮೇಜಿನ ನಡುವೆ ಇರುತ್ತದೆ, ಒಬ್ಬೊಬ್ಬರ ಮುಂದೆ ಅಂಗೈ ಅಗಲದ ‘ತೊರಿಜರಾ’ ಅನ್ನೋ ಪುಟ್ಟ ತಟ್ಟೆ, ಅದಕ್ಕೆ ಬೇಕಾದಷ್ಟು ಹಾಕಿಕೊಳ್ಳಬೇಕು.

ಕರಾಗೆ ಬಂತು. ಕರಿದ ಕೋಳಿ, ಏಳು ತುಂಡು. ಆರು ಜನ ಆರು ತುಂಡು ತಿಂದೆವು, ಏಳನೆಯದು ಅಲ್ಲೇ ಕೂತಿತು. ಪಕ್ಕದಲ್ಲಿ ಹಿಂಡಿ ಬಿಟ್ಟ ನಿಂಬೆ ಹೋಳು, ಅಡಿಯಲ್ಲಿ ಎಣ್ಣೆ ಕುಡಿದು ಬಾಡಿದ ಲೆಟ್ಯೂಸ್ ಎಲೆ. ಇನ್ನೆರಡು ಸುತ್ತು ಬಿಯರ್ ಆಯಿತು, ಮಾತು ಬೇಸ್‌ಬಾಲಿಗೆ ಹೋಗಿ ವಾಪಸ್ ಬಂತು, ತುಂಡು ಮಾತ್ರ ಅಲ್ಲಾಡಲಿಲ್ಲ. ನನಗಂತೂ ಬೇಕೇ ಬೇಕಿತ್ತು, ಉಳಿದವರ ಕಣ್ಣೂ ಆಗಾಗ ಅಲ್ಲಿಗೇ ಹೋಗುತ್ತಿತ್ತು. ಖಾಲಿ ತಟ್ಟೆ ಎತ್ತೋಕೆ ಹುಡುಗಿ ಬಂದಾಗ ಎದುರಿಗಿದ್ದ ಹಿರಿಯರು ಅದನ್ನು ತೋರಿಸಿ ‘ಎನ್‌ರ್ಯೊ ನೊ ಕತಮರಿ’ ಅಂದರು, ಎಲ್ಲರೂ ನಕ್ಕರು.

ಎನ್‌ರ್ಯೊ ಅಂದರೆ ಸಂಕೋಚ, ಕತಮರಿ ಅಂದರೆ ಗಟ್ಟಿಯಾದ ಮುದ್ದೆ. ಎಲ್ಲರೂ ‘ನೀವು ತಗೊಳ್ಳಿ, ನೀವು ತಗೊಳ್ಳಿ’ ಅಂತ ಬಿಟ್ಟುಬಿಟ್ಟ ಕೊನೇ ತುಂಡಿಗೆ ಈ ಹೆಸರು. ಇದು ಒಸಾಕಾ, ಕ್ಯೋಟೊ ಕಡೆಯ, ಅಂದರೆ ಕನ್ಸಾಯ್ ಮಾತು. ಕುಮಾಮೊತೊ ಕಡೆಯವರು ಇದನ್ನೇ ತಮ್ಮ ಸೀಮೆಯ ಹಳೇ ಹೆಸರು ಹಿಡಿದು ‘ಹಿಗೊ ನೊ ಇಚ್ಚೊ ನೊಕೊಶಿ’ ಅನ್ನುತ್ತಾರೆ, ಹಿಗೊದವರು ಒಂದು ಉಳಿಸ್ತಾರೆ ಅಂತ. ಗುಣ ಎಲ್ಲ ಕಡೆಯದ್ದೂ ಒಂದೇ, ಊರೂರಿಗೆ ತಮ್ಮದೇ ಅನ್ನೋ ಹೆಮ್ಮೆ ಬೇರೆ.

ಈಗ ತೊಡಕು. ಮನೆಗೆ ಬಂದವರಿಗೆ ‘ಸಂಕೋಚ ಪಟ್ಕೋಬೇಡಿ, ಹಾಕ್ಕೊಳ್ಳಿ’ ಅನ್ನುತ್ತೇವಲ್ಲ, ಅಲ್ಲಿ ಇವರು ‘ಎನ್‌ರ್ಯೊ ಶಿನಾಯ್ದೆ’ ಅನ್ನುತ್ತಾರೆ. ಅಲ್ಲಿಗೆ ಎರಡೂ ಒಂದೇ ಅಂದುಕೊಂಡಿದ್ದೆ. ಆದರೆ ಸಿಗರೇಟು ಸೇದಬಾರದ ಜಾಗದಲ್ಲೂ ಬೋರ್ಡಿನಲ್ಲಿ ಇದೇ ಎನ್‌ರ್ಯೊ ಇರುತ್ತದೆ, ‘ಗೊಎನ್‌ರ್ಯೊ ಕುದಸಾಯ್’. ಹಾಗೇ ಕನ್ನಡಕ್ಕೆ ತಂದರೆ ‘ಸಿಗರೇಟಿಗೆ ದಯವಿಟ್ಟು ಸಂಕೋಚಪಡಿ’ ಅಂತಾಗುತ್ತದೆ! ಸಂಕೋಚ ಅಂದರೆ ಮೂಲದಲ್ಲಿ ಕುಗ್ಗುವುದು, ಅದು ಒಳಗಿನ ಮುಜುಗರ. ಎನ್‌ರ್ಯೊದ ಎರಡು ಅಕ್ಷರಗಳ ಅರ್ಥ ‘ದೂರ’ ಮತ್ತು ‘ಯೋಚನೆ’. ಚೀನಿಯಲ್ಲಿ ಅದು ಮುಂದಾಲೋಚನೆ, ಜಪಾನಿನಲ್ಲಿ ಬೇರೆಯವರನ್ನು ನೆನೆದು ತಾನು ಹಿಂದೆ ಸರಿಯೋದಾಯಿತು.

ಹಾಗಾದರೆ ‘ಮುಲಾಜು’ ಜಾಸ್ತಿ ಹತ್ತಿರ ಅಲ್ವಾ? ಅದು ಅರಬ್ಬಿ, ಪಾರಸಿ ಕಡೆಯಿಂದ ಬಂದದ್ದು, ಅಲ್ಲೂ ಮೂಲ ಅರ್ಥ ಗಮನಿಸು, ಪರಿಗಣಿಸು ಅಂತಲೇ. ಆದರೆ ನಮ್ಮಲ್ಲಿ ಅದು ‘ಯಾವ ಮುಲಾಜೂ ಇಲ್ಲದೆ’ ಅಂತ ಬೈಯುವಾಗಲೇ ಹೆಚ್ಚು ಬಳಕೆ. ‘ದಾಕ್ಷಿಣ್ಯ’ವೂ ಇದೆ, ಆದರೆ ದಾಕ್ಷಿಣ್ಯಕ್ಕೆ ಬಿದ್ದವನು ಬೇಡದ್ದನ್ನು ಒಪ್ಪಿಕೊಳ್ಳುತ್ತಾನೆ, ಇಲ್ಲಿ ಬೇಕಾದ್ದನ್ನು ಬಿಡುತ್ತಾನೆ. ಇದು ನನಗೆ ದೊಡ್ಡ ವ್ಯತ್ಯಾಸವಾಗಿಯೇ ಕಾಣುತ್ತದೆ.

ಅಕ್ಷರಶಃ ‘ಸಂಕೋಚದ ಮುದ್ದೆ’ ಅನ್ನಬಹುದು, ಮುದ್ದೆ ತಿನ್ನೋ ನಾಡಿನವನಿಗೆ ಆಸೆಯೂ ಆಗುತ್ತದೆ. ಆದರೆ ಕನ್ನಡದಲ್ಲಿ ಸಂಕೋಚದ ಮುದ್ದೆ ಆಗೋದು ಮನುಷ್ಯ: ಹೆಣ್ಣು ನೋಡೋ ಶಾಸ್ತ್ರದಲ್ಲಿ ಮುದುಡಿ ಕೂತ ಹುಡುಗ, ಅಥವಾ ಹುಡುಗಿ. ಕೋಳಿ ತುಂಡು ಹೇಗೆ ಸಂಕೋಚಪಟ್ಟೀತು? ಮೇಜಿನ ಸುತ್ತ ಕೂತ ಆರು ಜನರ ಸಂಕೋಚ ಸೋರಿ ಒಂದು ತುಂಡಿನಲ್ಲಿ ಹೆಪ್ಪುಗಟ್ಟಿದೆ ಅನ್ನೋ ತಮಾಷೆ ನಮ್ಮ ‘ಮುದ್ದೆ’ಯಲ್ಲಿ ಬರೋದಿಲ್ಲ.

ನಮ್ಮಲ್ಲಿ ಪದ ಇಲ್ಲದಿದ್ದರೆ ಕಾರಣ ಇದಿರಬಹುದು. ಎಲೆ ಊಟದಲ್ಲಿ ನಡುವಿನ ತಟ್ಟೆಯೇ ಇಲ್ಲ, ಎಂಜಲು ಅನ್ನೋದೊಂದು ಇದೆಯಲ್ಲ. ಬಡಿಸುವವರು ಬರುತ್ತಾರೆ, ಸಾಕು ಸಾಕು ಅಂದರೂ ಹಾಕುತ್ತಾರೆ. ಮನೆಯಲ್ಲಿ ಕೊನೇ ಚಪಾತಿ ಉಳಿದರೆ ಅಮ್ಮ ‘ಇದೊಂದು ಯಾಕೆ ಉಳಿಸ್ತೀಯ, ಪಾತ್ರೆ ತೊಳೀಬೇಕು’ ಅಂತ ಎಲೆಗೆ ಎಸೆದೇ ಬಿಡುತ್ತಿದ್ದರು. ನಮ್ಮ ಸಂಕೋಚ ಹೆಪ್ಪುಗಟ್ಟೋಕೆ ಟೈಮೇ ಸಿಗಲಿಲ್ಲ. ಆದರೆ ಆಫೀಸಿನವರೆಲ್ಲ ಸೇರಿ ಒಂದು ಪ್ಲೇಟ್ ಗೋಳಿಬಜೆ ತರಿಸಿದಾಗ ಕೊನೆಯದೊಂದು ಉಳಿಯೋದು ಮಂಗಳೂರಿನಲ್ಲೂ ನೋಡಿದ್ದೇನೆ, ಅದಕ್ಕೆ ಯಾರೂ ಹೆಸರಿಟ್ಟಿದ್ದು ಕೇಳಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ನಿಮ್ಮ ಊರಲ್ಲಿ, ನಿಮ್ಮ ಮನೆಯಲ್ಲಿ ಇದಕ್ಕೆ ಏನಾದರೂ ಅನ್ನುತ್ತಾರಾ? ತಮಾಷೆಯ ಮಾತಾದರೂ ಸರಿ. ಧಾರವಾಡ, ಬೆಳಗಾವಿ ಕಡೆಯವರು ‘ಭಿಡೆ’ ಬಳಸುತ್ತೀರಲ್ಲ, ‘ಭಿಡೆ ತುಂಡು’ ಅಂದರೆ ನಿಮ್ಮ ಕಿವಿಗೆ ಸರಿ ಕೇಳುತ್ತದಾ? ನನಗೆ ಅದು ಚೆನ್ನಾಗಿ ಕೇಳಿತು, ಆದರೆ ನಾನು ಹಳೇ ಮೈಸೂರಿನವನು, ನನ್ನ ಕಿವಿ ನಂಬೋಹಾಗಿಲ್ಲ.

ಅಂದಹಾಗೆ ಆ ಏಳನೇ ತುಂಡು ತಿಂದದ್ದು ನಾನೇ. ‘ನಿಮ್ಮ ದೇಶದಲ್ಲಿ ಇದಕ್ಕೆ ಏನಂತಾರೆ’ ಅಂತ ಅವರು ಕೇಳಿದರು, ಬಾಯಿ ತುಂಬಿತ್ತು, ಉತ್ತರ ಹೇಳೋದು ತಪ್ಪಿತು.