ಮ್ಯಾಡ್ರಿಡ್‌ಗೆ ಇಬ್ಬರು: ಒಬ್ಬಳಿಗೆ ನಿದ್ದೆ ಬೇಕು, ಒಬ್ಬಳಿಗೆ ಕುಣಿತ

ಹತ್ತಕ್ಕೆ ದೀಪ ಆರಿಸುವವಳು:
ನಾನೂ ನನ್ನ ಸಂಗಾತಿಯೂ ಒಂಬತ್ತು ವರ್ಷದಿಂದ ಜೊತೆಗಿದ್ದೇವೆ, ಇಬ್ಬರೂ ಹೆಂಗಸರು. ಜೂನ್ ಕೊನೆಗೆ ಐದು ರಾತ್ರಿ ಮ್ಯಾಡ್ರಿಡ್. ಅವಳಿಗೆ ಬೆಳಗಿನ ಜಾವದವರೆಗೆ ಕುಣೀಬೇಕು. ನನಗೆ ಮ್ಯೂಸಿಯಂ, ಹಳೇ ಬೀದಿ, ಹತ್ತು ಗಂಟೆಗೆ ಹಾಸಿಗೆ. ಹೋದ ಸಲ ಬೇರೊಂದು ಊರಲ್ಲಿ ಹೋಟೆಲ್ ಕೌಂಟರಿನವನು ನಮ್ಮಿಬ್ಬರ ಮುಖ ನೋಡಿದ್ದೇ, ಬುಕ್ ಮಾಡಿದ್ದ ಡಬಲ್ ಬೆಡ್ ಬಿಟ್ಟು ಎರಡು ಸಿಂಗಲ್ ಕೊಟ್ಟ. ‘ಅಕ್ಕ-ತಂಗಿಯರಿಗೆ ಇದೇ ಅನುಕೂಲ’ ಅಂದ. ತಿದ್ದೋಕೆ ಬಾಯೇ ಬರಲಿಲ್ಲ. ಇದ್ದಷ್ಟು ದಿನ ಅಕ್ಕ-ತಂಗಿಯರಾಗೇ ಇದ್ದೆವು. ಈ ಸಲ ಅದು ಬೇಡ. ಸಲಿಂಗಿಗಳ ಬಡಾವಣೆ ಅಂತಾರಲ್ಲ, ಆ ಚುವೇಕಾದಲ್ಲೇ ಉಳಿಯಬೇಕಾ? ಕೈ ಹಿಡಿದು ಓಡಾಡಬಹುದಾ?

ಗೂಬೆ ಬಸ್ಸಿನ ಗಿರಾಕಿ:
ಎರಡು ವರ್ಷ ಅಲ್ಲೇ ಓದಿದವನು ನಾನು. ಮಂಚದಿಂದಲೇ ಶುರು ಮಾಡ್ತೀನಿ. ಸ್ಪ್ಯಾನಿಷ್‌ನಲ್ಲಿ ಡಬಲ್ ಬೆಡ್‌ಗೆ ‘ಕಾಮಾ ದೆ ಮಾತ್ರಿಮೋನಿಯೋ’ ಅಂತಾರೆ. ಕಾಮಾ ಅಂದ್ರೆ ಹಾಸಿಗೆ, ನಗಬೇಡಿ. ಒಟ್ಟಿನಲ್ಲಿ ಮದುವೆ ಮಂಚ. ಬುಕಿಂಗ್ ಜೊತೆಗೇ ಆ ಮೂರು ಪದ ಬರೆದು ಕಳಿಸಿ. 2005ರ ಜುಲೈಯಿಂದ ಆ ದೇಶದಲ್ಲಿ ಹೆಣ್ಣು ಹೆಣ್ಣನ್ನೇ ಮದುವೆಯಾಗಬಹುದು, ಕೌಂಟರಿನಲ್ಲಿ ಯಾರೂ ಹುಬ್ಬೇರಿಸಲ್ಲ.

ಇನ್ನು ನಿದ್ದೆ. ನಡುರಾತ್ರಿಯಿಂದ ಬೆಳಕು ಹರಿಯೋವರೆಗಿನ ಹೊತ್ತಿಗೆ ಅಲ್ಲಿ ‘ಮದ್ರುಗಾದಾ’ ಅಂತ ಬೇರೆ ಹೆಸರೇ ಇದೆ. ಊಟ ರಾತ್ರಿ ಒಂಬತ್ತೂವರೆಗೆ. ಹನ್ನೊಂದಕ್ಕೆ ಕ್ಲಬ್‌ಗೆ ಹೋದ್ರೆ ನೀವು, ನಿಮ್ಮ ನೆರಳು, ಇಬ್ಬರೇ. ಜನ ಸೇರೋದು ಒಂದೂವರೆ ಮೇಲೆ. ಹಾಗಾಗಿ ನೀವು ಜೊತೆಗೆ ಹೋಗಿ ಆಕಳಿಸಬೇಡಿ. ಆರಾಮಾಗಿ ಮಲಗಿ, ಮುಂಜಾನೆ ಐದಕ್ಕೆ ಏಳಿ. ಸೋಲ್ ಚೌಕದ ಹತ್ತಿರ ಒಂದು ಓಣಿಯಲ್ಲಿ ಸಾನ್ ಹಿನೆಸ್ ಅಂತ 1894ರ ಚಾಕೊಲೇಟ್ ಅಂಗಡಿ ಇದೆ. ವಾರಾಂತ್ಯದ ರಾತ್ರಿ ಕುಣಿದು ಸುಸ್ತಾದವರೆಲ್ಲ ಅಲ್ಲಿಗೇ ಬರೋದು, ಮಂದವಾದ ಬಿಸಿ ಚಾಕೊಲೇಟಿಗೆ ಚುರೋ ಅನ್ನೋ ಕರಿದ ತಿಂಡಿ ಅದ್ದಿ ತಿನ್ನೋಕೆ. ಅವಳ ದಿನ ಅಲ್ಲಿ ಮುಗಿಯಲಿ, ನಿಮ್ಮದು ಅಲ್ಲಿಂದ ಶುರುವಾಗಲಿ. ಆಮೇಲೆ ಅವಳನ್ನ ಮಲಗಿಸಿ, ನೀವು ಖಾಲಿ ಬೀದಿ ಸುತ್ತಿ. ಆ ಹೊತ್ತಿನ ಪ್ಲಾಸಾ ಮಯೋರ್ ಇದೆಯಲ್ಲ, ಹಗಲಿನ ಸೆಲ್ಫಿ ಸಂತೆಗೂ ಅದಕ್ಕೂ ಸಂಬಂಧವೇ ಇಲ್ಲ. 1680ರಲ್ಲಿ ಧರ್ಮವಿಚಾರಣೆಯವರು, ಅಂದ್ರೆ ಧರ್ಮದ್ರೋಹದ ಆರೋಪ ವಿಚಾರಿಸ್ತಿದ್ದ ಚರ್ಚಿನ ನ್ಯಾಯಮಂಡಳಿ, ಜನರನ್ನ ನಿಲ್ಲಿಸಿ ಶಿಕ್ಷೆ ಓದಿ ಹೇಳಿದ ಚೌಕ ಅದು. ಫ್ರಾನ್ಸಿಸ್ಕೋ ರಿಸಿ ಬರೆದ ಅದರ ಚಿತ್ರ ಪ್ರಾಡೋ ಮ್ಯೂಸಿಯಂನಲ್ಲಿದೆ.

ಮೆಟ್ರೋ ನಡುರಾತ್ರಿ ಕಳೆದ ಮೇಲೆ ನಿಲ್ಲುತ್ತೆ, ಮತ್ತೆ ಆರಕ್ಕೆ. ನಡುವೆ ಸಿಬೇಲೆಸ್ ಚೌಕದಿಂದ ರಾತ್ರಿಯ ‘ಬೂಹೋ’ ಬಸ್ಸುಗಳು. ಬೂಹೋ ಅಂದ್ರೆ ಗೂಬೆ. ನಮ್ಮಲ್ಲಿ ಮನೆಗೆ ಗೂಬೆ ಹೊಕ್ಕರೆ ಶಾಂತಿ ಮಾಡಿಸ್ತಾರೆ, ಅಲ್ಲಿ ಗೂಬೆಯೇ ಮನೆ ಸೇರಿಸುತ್ತೆ.

ಒಳಕೋಣೆ:
ಚುವೇಕಾದಲ್ಲಿ ಉಳೀಬೇಡಿ! ಜೂನ್ ಕೊನೆ ಅಂದ್ರೆ ಪ್ರೈಡ್, ನಮ್ಮಂಥವರ ಹೆಮ್ಮೆಯ ಹಬ್ಬ, ಶುರುವಾಗೋ ಹೊತ್ತು. ನಾನು ಪೆಲಾಯೋ ಬೀದಿಯ ಕಡೆ ಕಿಟಕಿ ಇರೋ ಕೋಣೆ ಹಿಡಿದು ನಾಲ್ಕು ರಾತ್ರಿ ಕಣ್ಣು ಮುಚ್ಚಲಿಲ್ಲ. ಆ ಬೀದಿಯಲ್ಲೇ ಹೈ ಹೀಲ್ಸ್ ಓಟದ ಸ್ಪರ್ಧೆ ನಡೆಯೋದು, ಗೊತ್ತಿರಲಿಲ್ಲ ನನಗೆ. ಅಟೋಚಾ ರೈಲು ನಿಲ್ದಾಣದ ಕಡೆ ನೋಡಿ. ಪ್ರಾಡೋ ನಡೆದು ಹೋಗುವಷ್ಟು ದೂರ, ಶನಿವಾರದ ದೊಡ್ಡ ಮೆರವಣಿಗೆ ಹೊರಡೋದೂ ಅಲ್ಲಿಂದಲೇ, ಕೊಲೋನ್ ಚೌಕದವರೆಗೆ. ಎಲ್ಲೇ ಹಿಡಿದರೂ ‘ಇಂತೆರಿಯೊರ್’ ಕೋಣೆ ಕೇಳಿ, ಕಿಟಕಿ ಒಳಅಂಗಳಕ್ಕೆ ತೆರೆಯುತ್ತೆ. ನೋಟ ಗೋಡೆ, ನಿದ್ದೆ ಬಂಗಾರ.

ಗೂಬೆ ಬಸ್ಸಿನ ಗಿರಾಕಿ:
ಒಳಕೋಣೆ ಹೇಳಿದ್ದು ಸರಿ, ನಾನು ಬಾಡಿಗೆಗಿದ್ದದ್ದು ಬೇರೆ ಬಡಾವಣೆ ಲಾವಾಪಿಯೇಸ್‌ನಲ್ಲಿ, ಅದಕ್ಕೇ ಹೊಳೆಯಲಿಲ್ಲ. ಚುವೇಕಾಗೆ ಸಂಜೆ ಹೋಗಿ ಬನ್ನಿ ಸಾಕು.

ಪರವಾನಗಿ ಪ್ಯಾಂಟು:
ಕೈ ಹಿಡಿಯೋ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಾವಿಬ್ಬರೂ ಹಿಡಿದೇ ಓಡಾಡಿದ್ವಿ, ಚುವೇಕಾ, ಮಲಸಾನ್ಯಾ, ಲಾವಾಪಿಯೇಸ್ ಎಲ್ಲ ಕಡೆ. ಎರಡನೇ ದಿನಕ್ಕೆ, ಹಿಡಿದಿದ್ದೀವಿ ಅನ್ನೋದೇ ಮರೆತುಹೋಯ್ತು. ಒಮ್ಮೆ ಸೋಲ್ ಹತ್ತಿರ ಕುಡಿದವರ ಗುಂಪೊಂದು ಏನೋ ಕೂಗಿತು, ನಡೆದುಬಿಟ್ವಿ. ಅದಕ್ಕಿಂತ ಅಲ್ಲಿ ಜೇಬುಗಳ್ಳರ ಕಾಟ ಹೆಚ್ಚು. 112 ತುರ್ತು ನಂಬರ್, 028 ನಮ್ಮಂಥವರಿಗಂತಲೇ ಇರೋ ಸಹಾಯವಾಣಿ, ಎರಡೂ ಫೋನಿನಲ್ಲಿರಲಿ.

ಚುವೇಕಾದ ಪೆದ್ರೋ ಸೆರೋಲೋ ಚೌಕದಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ಆ ಮದುವೆ ಕಾನೂನಿಗಾಗಿ ದುಡಿದು 2015ರಲ್ಲಿ ತೀರಿಕೊಂಡ ಕೌನ್ಸಿಲರ್ ಹೆಸರು ಅದು. ಆಮೇಲೆ ಪ್ರಾಡೋದಲ್ಲಿ ರೋಸಾ ಬೊನರ್‌ಳ ಸಿಂಹದ ಚಿತ್ರ ಹುಡುಕಿ. ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನಲ್ಲಿ ಪ್ಯಾಂಟು ತೊಡೋಕೆ ಪೊಲೀಸರ ಪರವಾನಗಿ ಪಡೆದು, ತನ್ನ ಗೆಳತಿಯೊಂದಿಗೇ ಬಾಳಿದ ಕಲಾವಿದೆ. ಸಿಂಹ ನೇರ ನಿಮ್ಮನ್ನೇ ನೋಡುತ್ತೆ. ಪ್ರಾಡೋಗೆ ಸೋಮವಾರದಿಂದ ಶನಿವಾರದವರೆಗೆ ಸಂಜೆ 6ರಿಂದ 8 ಪ್ರವೇಶ ಉಚಿತ, ಸಾಲು ಮಾತ್ರ ಉದ್ದ.

ಮಾಂಸ ತಿನ್ನಲ್ಲ ಅಂದ್ರೆ ಒಂದು ಎಚ್ಚರಿಕೆ: ‘ಸಾಂದ್ವಿಚ್ ವೆಖೆತಾಲ್’ ಹೆಸರು ನಂಬಬೇಡಿ, ಒಳಗೆ ಮೀನು ಇರೋದೇ ಹೆಚ್ಚು.

ಹತ್ತಕ್ಕೆ ದೀಪ ಆರಿಸುವವಳು:
ಅಟೋಚಾ ಹತ್ತಿರ ಒಂದು ಕಡೆ ಬರೆದೆ. ಮೂರು ಪದ ಟೈಪ್ ಮಾಡೋವಾಗ ಕೈ ಸ್ವಲ್ಪ ನಡುಗಿತು, ಸುಳ್ಳು ಹೇಳಲ್ಲ. ಒಂದೇ ಸಾಲಿನ ಉತ್ತರ ಬಂತು: ಮದುವೆ ಮಂಚ, ಒಳಕೋಣೆ, ಎರಡೂ ಸರಿ. ನಾನು ಭಾನುವಾರ ಆರಕ್ಕೆ ಸಾನ್ ಹಿನೆಸ್ ಅಂದೆ. ಅವಳು ಏಳು ಅಂತಿದ್ದಾಳೆ. ಚೌಕಾಸಿ ನಡೀತಿದೆ.