ಸಣ್ಣ ದೋಣಿಗೆ ಲೈವ್ ಬೈಟ್ (ಜೀವದ ಎರೆ) ಟ್ಯಾಂಕ್: ಮನೇಲೇ ಮಾಡಿದವ್ರು ಹೇಗೆ ಮಾಡಿದ್ರಿ, ಹೇಳಿ

ಗಂಗೊಳ್ಳಿಯಿಂದ ಪ್ರಶ್ನೆ

ನಮ್ಮದು 18 ಅಡಿ ಫೈಬರ್ ದೋಣಿ, 9.9 ಎಚ್‌ಪಿ ಔಟ್‌ಬೋರ್ಡ್. ಕಲ್ಲಿನ ಹತ್ರ ಗಾಳ ಹಾಕ್ತೇವೆ, ಮುರು, ಕೆಂಬೇರಿ, ಸೀಸನ್ ಬಂದ್ರೆ ಅಂಜಲ್. ಜೀವ ಇರೋ ಬಂಗುಡೆ ಸಿಕ್ಕಿಸಿ ಬಿಟ್ರೆ ದೊಡ್ಡ ಮೀನು ಬಂದು ಹೊಡೆಯೋದೇ ಬೇರೆ, ಆದ್ರೆ ಬಕೆಟಲ್ಲಿ ಇಟ್ಟ ಬಂಗುಡೆ ಸ್ವಲ್ಪ ಹೊತ್ತಲ್ಲೇ ಮಗುಚಿ ಬೀಳ್ತದೆ, ನೀರಿಗೆ ಗಾಳಿಗುಳ್ಳೆ ಬಿಡೋ ಬ್ಯಾಟರಿ ಏರೇಟರ್ ಹಾಕಿದ್ರೂ ಅಷ್ಟೇ. ರೆಡಿಮೇಡ್ ಟ್ಯಾಂಕಿಗೆ ಕೊಡುವಷ್ಟು ದುಡ್ಡಿಲ್ಲ. ಮನೇಲಿ 200 ಲೀಟರಿನ ನೀಲಿ ಡ್ರಮ್ ಉಂಟು, ಅದ್ರಲ್ಲೇ ಮಾಡ್ಬಹುದಾ, ಪಂಪ್ ಎಷ್ಟು ದೊಡ್ಡದು ಬೇಕು, ದೋಣಿಗೆ ತೂತು ಕೊರೀಲೇಬೇಕಾ? ಮಾಡಿದವ್ರು ದಯವಿಟ್ಟು ವಿವರವಾಗಿ ಹೇಳಿ.

ಮಲ್ಪೆಯಿಂದ

ಡ್ರಮ್ ಧಾರಾಳ ಸಾಕು, ಐಸ್ ಬಾಕ್ಸಿಗಿಂತ ಅದೇ ಒಳ್ಳೇದು, ಯಾಕಂದ್ರೆ ದುಂಡಗೆ ಉಂಟು. ಬಂಗುಡೆ, ಬೂತಾಯಿ ಎಲ್ಲ ನಿಂತಲ್ಲೇ ನಿಂತು ಉಸಿರಾಡೋ ಜಾತಿ ಅಲ್ಲ ಮಾರಾಯ್ರೆ, ಮುಂದೆ ಮುಂದೆ ಈಜ್ತಾ ಬಾಯಿಂದ ನೀರು ಹೋಗಿ ಕಿವಿರಿಂದ ಹೊರಗೆ ಬರ್ತಾ ಇರ್ಬೇಕು ಅದಕ್ಕೆ. ಚೌಕದ ಬಾಕ್ಸಲ್ಲಿ ಮೂಲೆಗೆ ಹೋಗಿ ಗುಂಪಾಗ್ತದೆ, ಗೋಡೆಗೆ ಗುದ್ದಿ ಗುದ್ದಿ ಮೂತಿ ಕೆಂಪಾಗ್ತದೆ, ಮೈಮೇಲಿನ ಪೊರೆ ಉದುರ್ತದೆ, ಅಷ್ಟಾದ್ಮೇಲೆ ಅದು ಗಾಳಕ್ಕೆ ಹಾಕಿದ್ರೂ ಈಜಲ್ಲ. ದುಂಡಗಿನ ಟ್ಯಾಂಕಲ್ಲಿ ನೀರೂ ಸುತ್ತು ಬರ್ತಾ ಇದ್ರೆ ಎಲ್ಲವೂ ಒಂದೇ ಕಡೆ ಮುಖ ಮಾಡಿ ನೀರಿಗೆ ಎದುರಾಗಿ ಈಜ್ತಾ ಇರ್ತಾವೆ.

ಮೊದ್ಲು ಆ ಡ್ರಮಲ್ಲಿ ಏನು ಬಂದಿತ್ತು ಅಂತ ಖಾತ್ರಿ ಮಾಡ್ಕೊಳ್ಳಿ. ಉಪ್ಪಿನಕಾಯಿ, ಅಡುಗೆ ಎಣ್ಣೆ, ಜ್ಯೂಸು ಬಂದಿದ್ರೆ ಸರಿ, ತೊಳೆದು ಬಿಸಿಲಿಗೆ ಇಡಿ. ಕ್ರಿಮಿನಾಶಕ, ಆಸಿಡ್, ಪೇಂಟಿನ ಕೆಮಿಕಲ್ ಬಂದಿದ್ದಾದ್ರೆ ಎಷ್ಟು ತೊಳೆದ್ರೂ ಬೇಡ, ಆ ಪ್ಲಾಸ್ಟಿಕ್ ಒಳಗೆ ಎಳ್ಕೊಂಡಿರ್ತದೆ, ಬಿಸಿಲಿಗೆ ಮತ್ತೆ ಬಿಡ್ತದೆ.

ಈಗ ಕತ್ತರಿಸೋದು. ಡ್ರಮಿನ ಅಗಲ ಸುಮಾರು 58 ಸೆಂಟಿಮೀಟರ್ ಇರ್ತದೆ. ತಳದಿಂದ 55 ಸೆಂಟಿಮೀಟರಿಗೆ ಕತ್ತರಿಸಿ, ನೀರು ನಿಲ್ಲೋದು 40ಕ್ಕೆ ಇರ್ಲಿ, ಅಷ್ಟಾದ್ರೆ ಹೆಚ್ಚುಕಮ್ಮಿ 105 ಲೀಟರ್ ಆಯ್ತು. ಮೇಲಿನ 15 ಸೆಂಟಿಮೀಟರ್ ತೆರೆಗೆ ನೀರು ಚೆಲ್ಲದ ಹಾಗೆ ಬೇಕೇ ಬೇಕು. ಕತ್ತರಿಸಿದ ಬಾಯಿ ಮೆತ್ತಗೆ ಆಗಿ ಅಂಡಾಕಾರಕ್ಕೆ ತಿರುಗ್ತದೆ, ಅದಕ್ಕೆ ಗಾರ್ಡನ್ ಪೈಪನ್ನ ಉದ್ದಕ್ಕೆ ಸೀಳಿ ಬಾಯಿಗೆ ಸುತ್ತ ತೊಡಿಸಿ, ಕೈಗೂ ತಾಗಲ್ಲ, ಗಟ್ಟಿಯೂ ಆಗ್ತದೆ.

ಒಂದು ಮಾತು ಗಮನದಲ್ಲಿಡಿ, ಈ ಡ್ರಮ್ಮಿಗೆ ಪಿವಿಸಿ ಗಮ್, ಸಿಲಿಕೋನ್, ಎಂ-ಸೀಲ್ ಯಾವುದೂ ಹಿಡಿಯಲ್ಲ. ಒಂದು ದಿನ ಹಿಡಿದ ಹಾಗೆ ಕಾಣ್ತದೆ, ಆಮೇಲೆ ಅಂಚಿಂದ ಸಿಪ್ಪೆ ಎದ್ದ ಹಾಗೆ ಏಳ್ತದೆ. ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕಿಗೆ ಹಾಕ್ತಾರಲ್ಲ ಟ್ಯಾಂಕ್ ನಿಪ್ಪಲ್, ಎರಡು ಕಡೆ ರಬ್ಬರ್ ವಾಷರ್ ಹಾಕಿ ಟೈಟ್ ಮಾಡೋದು, ಅದೊಂದೇ ದಾರಿ. ಹಿತ್ತಾಳೆದು ತಗೋಬೇಡಿ, ಪ್ಲಾಸ್ಟಿಕ್ಕೇ ಇರ್ಲಿ. ತಾಮ್ರ ಹಿತ್ತಾಳೆ ಉಪ್ಪುನೀರಲ್ಲಿ ಬಿಡೋ ಅಂಶ ಮೀನಿಗೆ, ಅದಕ್ಕಿಂತ ಹೆಚ್ಚಾಗಿ ಎಟ್ಟಿಗೆ (ಸಿಗಡಿಗೆ), ವಿಷ.

ಒಳಗೆ ಬರೋ ನೀರಿಗೆ ಮುಕ್ಕಾಲು ಇಂಚು ಪೈಪ್ ಸಾಕು. ಹೊರಗೆ ಹೋಗೋದಕ್ಕೆ 2 ಇಂಚು ಹಾಕಿ. ಜಾಸ್ತಿ ಅನಿಸ್ಬಹುದು, ಆದ್ರೆ ಒಳಗೆ ಪಂಪು ದೂಡ್ತದೆ, ಹೊರಗೆ ನೀರು ತನ್ನ ಭಾರಕ್ಕೆ ತಾನೇ ಇಳೀಬೇಕು, ಅದಕ್ಕೆ ಜಾಗ ಬೇಕು. ನಡುವಲ್ಲಿ 2 ಇಂಚಿನ ಪೈಪನ್ನ ನೆಟ್ಟಗೆ ನಿಲ್ಲಿಸಿ, ಅದ್ರ ಬಾಯಿ 40 ಸೆಂಟಿಮೀಟರಿಗೆ ಬರ್ಲಿ, ಅದ್ರ ಹೊರಗಿಂದ 4 ಇಂಚಿನ ಪೈಪಿಗೆ ಮೈತುಂಬಾ ತೂತು ಕೊರೆದು ತೊಡಿಸಿ. ಬರೀ ಬಾಯಿಗೆ ಜಾಳಿಗೆ ಕಟ್ಟಿದ್ರೆ ಪೊರೆ ಬಂದು ಮುಚ್ತದೆ, ಟ್ಯಾಂಕ್ ತುಂಬಿ ದೋಣಿ ಒಳಗೆ ಹರೀತದೆ. ತೂತಿನ ಜಾಗ ಜಾಸ್ತಿ ಇದ್ದಷ್ಟು ಎಳೆತ ಕಮ್ಮಿ, ಸುಸ್ತಾದ ಮೀನೂ ಅಲ್ಲಿ ಅಂಟಿಕೊಳ್ಳಲ್ಲ.

ಕಾರವಾರದಿಂದ

ಮೇಲಿನವ್ರು ಹೇಳಿದ್ದು ಪೂರ್ತಿ ಸರಿ, ಪಂಪಿನ ಲೆಕ್ಕ ನಾನು ಹೇಳ್ತೆ. ಬಿಲ್ಜ್ ಪಂಪ್ (ದೋಣಿ ತಳದಲ್ಲಿ ನಿಂತ ನೀರು ಹೊರಹಾಕೋ ಸಣ್ಣ ಪಂಪ್) ಮೇಲೆ 500 ಜಿಪಿಎಚ್ ಅಂತ ಬರೆದಿರ್ತು, ಅಂದ್ರೆ ಗಂಟೆಗೆ 500 ಗ್ಯಾಲನ್, ಅಮೆರಿಕದ ಗ್ಯಾಲನ್ ಲೆಕ್ಕದಲ್ಲಿ ಸುಮಾರು 1890 ಲೀಟರ್. ಆದ್ರೆ ಅದು ಪೈಪೂ ಇಲ್ಲ ಎತ್ತರವೂ ಇಲ್ಲ ಅನ್ನೋವಾಗಿನ ಲೆಕ್ಕ, ಒಂದು ಮೀಟರ್ ಮೇಲೆತ್ತಿ ಎರಡು ಬೆಂಡ್ ದಾಟೋವಾಗ ಮೂರರಲ್ಲಿ ಎರಡು ಪಾಲು ಬಂದ್ರೆ ದೊಡ್ಡದು. ಅಂದ್ರೂ 105 ಲೀಟರ್ ಟ್ಯಾಂಕಿನ ನೀರು ಐದು ನಿಮಿಷಕ್ಕೊಂದ್ಸಲ ಪೂರ್ತಿ ಹೊಸದಾಗ್ತು. ಗಂಟೆಗೆ ಆರರಿಂದ ಹತ್ತು ಸಲ ಬದಲಾದ್ರೆ ಸಾಕು, ಹಾಗಾಗಿ 500 ನಿಮಗೆ ಬೇಕಾದಷ್ಟು. 1100ರದ್ದು ಹಾಕ್ಬೇಡಿ, ಅಷ್ಟು ಸಣ್ಣ ಟ್ಯಾಂಕಲ್ಲಿ ನೀರು ಸುಳಿ ತಿರುಗಿ ಮೀನು ದಣಿದು ಸಾಯ್ತು, ಬ್ಯಾಟರಿಯೂ ಬೇಗ ಇಳೀತು.

ಏರೇಟರ್ ಹಾಕಿದ್ರೂ ಅಷ್ಟೇ ಅಂದ್ರಲ್ಲ, ಅದಕ್ಕೆ ಕಾರಣ ಹೇಳ್ತೆ. 30 ಡಿಗ್ರಿ ಉಪ್ಪುನೀರಲ್ಲಿ ಲೀಟರಿಗೆ ಬರೀ 6 ಮಿಲಿಗ್ರಾಂ ಚಿಲ್ರೆ ಆಮ್ಲಜನಕ ಹಿಡಿಯೋದು, ಎಷ್ಟು ಗುಳ್ಳೆ ಬಿಟ್ರೂ ಅದಕ್ಕಿಂತ ಮೇಲೆ ಹೋಗಲ್ಲ. ಜೊತೆಗೆ ಮೀನು ಬಿಡೋ ಅಮೋನಿಯ ಗುಳ್ಳೆಗೆ ಹೋಗಲ್ಲ, ಅಲ್ಲೇ ಕೂತಿರ್ತು. ನೀರು ಹೊರಗೆ ಹೋಗ್ಬೇಕು, ಹೊಸದು ಬರ್ಬೇಕು, ಬಂಗುಡೆಗೆ ಬೇರೆ ಉಪಾಯ ಇಲ್ಲ.

ನೀರು ಒಳಗೆ ಬಿಡೋ ಪೈಪು ಹೇಗೆ ಅಂದ್ರೆ, ಗೋಡೆ ಪಕ್ಕ ಮುಕ್ಕಾಲು ಇಂಚಿನ ಪೈಪ್ ನೆಟ್ಟಗೆ ನಿಲ್ಲಿಸಿ, ತಳದ ಬಾಯಿ ಮುಚ್ಚಿ, ಒಂದೇ ಸಾಲಲ್ಲಿ 6 ಎಂಎಂ ಡ್ರಿಲ್ ಬಿಟ್‌ನಲ್ಲಿ 10 ತೂತು ಹಾಕಿ, ತೂತೆಲ್ಲ ಗೋಡೆ ಉದ್ದಕ್ಕೆ ನೀರು ಚಿಮ್ಮೋ ಹಾಗೆ ತಿರುಗಿಸಿ. 3 ಎಂಎಂ ಮಾಡಿದ್ರೆ ನೀರು ಜೋರಾಗಿ ಚಿಮ್ತು ಖರೆ, ಆದ್ರೆ ಈ ಜಾತಿ ಪಂಪಿಗೆ ಒತ್ತಡ ತಡೆಯೋ ಶಕ್ತಿ ಇಲ್ಲ, ಒಟ್ಟು ಬರೋ ನೀರೇ ಅರ್ಧಕ್ಕೆ ಇಳೀತು. ಎಲ್ಲ ತೂತು ಸೇರಿದ್ರೆ ಪೈಪಿನ ಬಾಯಿಯಷ್ಟು ಆಗ್ಬೇಕು, 6 ಎಂಎಂನ 10 ತೂತು ಹತ್ತಿರತ್ತಿರ ಅಷ್ಟೇ ಆಗ್ತು. ಮತ್ತೊಂದು, ಮೇಲಿನ ಎರಡು ತೂತು ನೀರಿನ ಮಟ್ಟಕ್ಕಿಂತ ಮೇಲೆ ಇರ್ಲೇಬೇಕು. ಅದ್ರಿಂದ ಬೀಳೋ ನೀರು ಗಾಳಿ ಸೇರಿಸ್ತು ಅನ್ನೋದು ಒಂದು, ಅದಕ್ಕಿಂತ ದೊಡ್ಡ ಕಾರಣ ಅಂದ್ರೆ ಪಂಪ್ ನಿಂತಾಗ ಸೈಫನ್ ಆಗಿ ಟ್ಯಾಂಕಿನ ನೀರೆಲ್ಲ ಅದೇ ಪೈಪಲ್ಲಿ ವಾಪಸ್ ಸಮುದ್ರಕ್ಕೆ ಹೋಗೋದನ್ನ ಆ ತೂತು ತಡೀತು. ಬಿಲ್ಜ್ ಪಂಪಲ್ಲಿ ನೀರು ವಾಪಸ್ ಹೋಗೋದನ್ನ ತಡೆಯೋ ವಾಲ್ವ್ ಇರೋದಿಲ್ಲ.

ಮಂಗಳೂರಿಂದ

ತೂತು ಕೊರೆಯೋ ಪ್ರಶ್ನೆಗೆ ನಾನು ಹೇಳೋದು. ನಮ್ಮ ಹಳೇ ಬಂದರಿಗೂ ಲಕ್ಷದ್ವೀಪಕ್ಕೂ ಹಿಂದಿನಿಂದ ವ್ಯಾಪಾರ ಉಂಟು, ಹಾಗಾಗಿ ಅಲ್ಲಿಯ ಸುದ್ದಿ ಇಲ್ಲಿ ಬರ್ತಾ ಇರ್ತದೆ. ಅಲ್ಲಿಯ ಮಿನಿಕಾಯ್ ದ್ವೀಪದಲ್ಲಿ ಟ್ಯೂನಾ ಹಿಡಿಯೋದೇ ಜೀವದ ಎರೆ ಮೇಲೆ, ಕೋಲು ಮತ್ತು ಗಾಳದಲ್ಲಿ. ಲಗೂನಲ್ಲಿ (ಹವಳದ ದಂಡೆ ಒಳಗಿನ ಶಾಂತ ನೀರಲ್ಲಿ) ಬೆರಳುದ್ದದ ಮೀನು ಹಿಡಿದು ದೋಣಿ ಹೊಟ್ಟೆಯಲ್ಲೇ ಕಟ್ಟಿದ ಟ್ಯಾಂಕಲ್ಲಿ ಇಟ್ಕೊಂಡು ಹೋಗ್ತಾರೆ, ಟ್ಯೂನಾ ಗುಂಪು ಕಂಡಲ್ಲಿ ಅದನ್ನ ಎರಚಿ, ನೀರು ಚಿಮ್ಮಿಸಿ, ಮೀನು ಹುಚ್ಚೆದ್ದು ಮೇಲೆ ಬಂದಾಗ ಒಂದೊಂದಾಗಿ ಎಳೆದು ಹಾಕೋದು. ಆ ಟ್ಯಾಂಕಿನ ತಳದಲ್ಲಿ ತೂತುಗಳು ಇರ್ತವೆ, ಸಮುದ್ರದ ನೀರೇ ಒಳಗೆ ಹೊರಗೆ ಆಡ್ತಾ ಇರ್ತದೆ, ಬೇಡದಾಗ ಬೆಣೆ ಹೊಡೆದು ಮುಚ್ಚೋದು. ಪಂಪು ಬ್ಯಾಟರಿ ಇಲ್ಲದ ಕಾಲದಿಂದ ನಡೆದು ಬಂದ ಪದ್ಧತಿ ಅದು, ನನಗೆ ಅದ್ರ ಮೇಲೆ ತುಂಬಾ ಗೌರವ. ಆದ್ರೆ ಅದು ಕಟ್ಟುವಾಗಲೇ ಟ್ಯಾಂಕಿನ ಗೋಡೆ ದೋಣಿ ಮೈಗೆ ಸೇರಿಸಿ ಕಟ್ಟಿದ್ದು. ನಿಮ್ಮ ರೆಡಿ ಫೈಬರ್ ದೋಣಿಗೆ ನೀರಿನ ಗೆರೆಯ ಕೆಳಗೆ ತೂತು ಬೇಡವೇ ಬೇಡ.

ಬದಲಿಗೆ ಹಿಂಬದಿ ಹಲಗೆಗೆ ಪಿವಿಸಿ ಪೈಪ್ ಒಂದನ್ನ ಕ್ಲ್ಯಾಂಪಲ್ಲಿ ಕಟ್ಟಿ, ಅದ್ರ ತುದಿಗೆ ಪಂಪ್ ಹಾಕಿ ನೀರಿಗೆ ಇಳಿಸಿ. ಬೇಡ ಅಂದಾಗ ಮೇಲೆತ್ತೋದು. ಪ್ರೊಪೆಲ್ಲರಿಂದ ಆದಷ್ಟು ದೂರ ಇರ್ಲಿ, ದೋಣಿ ತಳಕ್ಕಿಂತ ಒಂದು ಗೇಣು ಕೆಳಗೆ ಹೋಗ್ಲಿ, ಇಲ್ಲಾಂದ್ರೆ ಓಡುವಾಗ ನೊರೆ ಎಳ್ಕೊಂಡು ಪಂಪ್ ಗಾಳಿ ಕಟ್ತದೆ, ಶಬ್ದ ಬರ್ತಾ ಇರ್ತದೆ ನೀರು ಬರಲ್ಲ. ಓಡೋ ದಾರೀಲಿ ಆಗಾಗ ಟ್ಯಾಂಕಿನ ಕಡೆ ಕಣ್ಣಾಡಿಸಿ.

ಮತ್ತೆ ಭಾರ. 105 ಲೀಟರ್ ಉಪ್ಪುನೀರು ಅಂದ್ರೆ 107 ಕೇಜಿ ಮೇಲೆ, ಡ್ರಮ್ ಬೇರೆ. ಒಬ್ಬ ಆಳಿಗಿಂತ ಜಾಸ್ತಿ, ಅದೂ ಕೂತಲ್ಲಿ ಕೂರದ ಆಳು. ದೋಣಿ ಮಧ್ಯದಲ್ಲಿ, ನೇರ ತಳದ ಮೇಲೆ ಇಡಿ, ಹಲಗೆ ಮೇಲೆ ಎತ್ತರಿಸಿ ಇಡ್ಬೇಡಿ, ನಾಲ್ಕು ಕಡೆ ಹಗ್ಗ ಬಿಗಿದು ಕಟ್ಟಿ. ಅರ್ಧ ತುಂಬಿಸಿ ಯಾವತ್ತೂ ಹೋಗ್ಬೇಡಿ. ಒಂದೋ ಮಟ್ಟದ ತನಕ ತುಂಬಿರ್ಬೇಕು, ಇಲ್ಲ ಪೂರ್ತಿ ಖಾಲಿ ಇರ್ಬೇಕು. ಅರ್ಧ ನೀರು ದೋಣಿ ವಾಲಿದ ಕಡೆಗೇ ಓಡ್ತದೆ, ಮೀನಿಗೂ ಪೆಟ್ಟು. ಅಳಿವೆಯಲ್ಲಿ ತೆರೆ ಮುರೀತಾ ಇದ್ರೆ ಖಾಲಿ ಮಾಡಿಯೇ ದಾಟಿ, ಎರೆ ಹೋದ್ರೆ ಹೋಗ್ಲಿ. ಲೈಫ್ ಜಾಕೆಟ್ ಹೇಗೂ ಹಾಕ್ತೀರಿ ಅಂತ ನಂಬಿದ್ದೇನೆ.

ಅಘನಾಶಿನಿ ಕಡೆಯಿಂದ

ಅಳಿವೆ ಅಂದ್ಕೂಡ್ಲೆ ಹೇಳ್ಬೇಕು ಅನಿಸ್ತು. ಸಮುದ್ರದಲ್ಲಿ ಹಿಡಿದ ಬಂಗುಡೆ ಟ್ಯಾಂಕಲ್ಲಿ ಚೆನ್ನಾಗೇ ಇರ್ತದೆ, ಹೊಳೆ ಒಳಗೆ ಬರ್ತಿದ್ದ ಹಾಗೆ ಒಟ್ಟೊಟ್ಟಿಗೆ ಸಾಯ್ತದೆ, ಪಂಪು ಸರಿಯೇ ಇರ್ತದೆ. ಕಾರಣ ಹೊಳೆಯ ಸಿಹಿನೀರು. ಇಳಿತದ ಹೊತ್ತಲ್ಲಿ, ಮಳೆಗಾಲ ಮುಗಿದ ಹೊಸತಲ್ಲಿ ಅಂತೂ ಮೇಲಿನ ಪದರ ಹೆಚ್ಚುಕಮ್ಮಿ ಸಿಹಿಯೇ, ಪಂಪು ಎಳೆಯೋದು ಅದನ್ನೇ, ಜೊತೆಗೆ ಕೆಸರು. ಅಳಿವೆಗೆ ಬರೋ ಮೊದ್ಲೇ ಹೊರಗಿನ ಪಂಪ್ ನಿಲ್ಸಿ, ಟ್ಯಾಂಕಿನ ನೀರನ್ನೇ ಸುತ್ತಿಸೋಕೆ ಒಳಗೊಂದು ಸಣ್ಣ ಪಂಪ್ ಇಟ್ಕೊಳ್ಳಿ. ಅಷ್ಟು ದೂರಕ್ಕೆ ಅದು ನಡೀತದೆ, ಮೀನು ಕಮ್ಮಿ ಇದ್ರೆ.

ಸೆಪ್ಟೆಂಬರ್ ಅಕ್ಟೋಬರಲ್ಲಿ ಕೆಲವು ಸಲ ನೀರು ಹಸಿರು ಹಸಿರಾಗಿ ದಪ್ಪಗೆ ಕಾಣ್ತದಲ್ಲ, ರಾತ್ರಿ ಹುಟ್ಟು ಹಾಕಿದ್ರೆ ನೀಲಿ ಬೆಳಕು ಏಳ್ತದಲ್ಲ, ನಾಕ್ಟಿಲ್ಯೂಕ ಅನ್ನೋ ಸೂಕ್ಷ್ಮಜೀವಿ ಅದು, ಅದ್ರ ಮೈಯಲ್ಲೇ ಅಮೋನಿಯ ಇರ್ತದೆ. ಆ ನೀರಿನ ಪಟ್ಟೆ ಕಂಡ್ರೆ ಪಂಪ್ ನಿಲ್ಸಿ ದಾಟಿ ಹೋಗಿ ಆಮೇಲೆ ಹಾಕಿ.

ಕೆಂಬೇರಿಗೆ ನೀವು ಹೊಳೆ ಬಾಯಲ್ಲೇ ಗಾಳ ಹಾಕೋದಾದ್ರೆ ಬಂಗುಡೆ ಬೇಕಂತಲೇ ಇಲ್ಲ, ಜೀವದ ಸಿಗಡಿ ಸಾಕು, ಅದಕ್ಕೆ ಈ ಡ್ರಮ್ಮೂ ಬೇಡ. ಥರ್ಮಕೋಲ್ ಬಾಕ್ಸು, ಬ್ಯಾಟರಿ ಏರೇಟರು, ಸಿಗಡಿ ಹಿಡಿದ ಜಾಗದ್ದೇ ನೀರು. ಒಳಗೆ ಬಲೆ ತುಂಡೊಂದು ಬಿಟ್ರೆ ಹಿಡ್ಕೊಂಡು ಕೂರ್ತವೆ, ಒಂದ್ರ ಮೇಲೊಂದು ಬಿದ್ದು ಕಚ್ಚಾಡಲ್ಲ. ಮುಚ್ಚಳ ಮರೀಬೇಡಿ, ಸಿಗಡಿ ಹಾರ್ತದೆ. ಬಿಸಿ ಜಾಸ್ತಿ ಆದ್ರೆ ಐಸನ್ನ ಬಾಟಲಿಯಲ್ಲಿ ಹಾಕಿ ಮುಚ್ಚಿ ತೇಲಿಬಿಡಿ, ನೇರ ಹಾಕಿದ್ರೆ ನೀರು ಸಿಹಿಯಾಗ್ತದೆ, ನಲ್ಲಿ ನೀರಿನ ಐಸಾದ್ರೆ ಕ್ಲೋರಿನ್ ಬೇರೆ.

ಗಂಗೊಳ್ಳಿಯಿಂದ ಮತ್ತೆ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಸಿಗ್ತದೆ ಅಂತ ಎಣಿಸಿರ್ಲಿಲ್ಲ. ಇನ್ನೆರಡು ಕೇಳ್ತೇನೆ. ಬ್ಯಾಟರಿ ಯಾವುದು, ಬೈಕಿನದ್ದು ಸಾಕಾ? ಮತ್ತೆ ಅಷ್ಟು ನೀರಲ್ಲಿ ಎಷ್ಟು ಬಂಗುಡೆ ಹಾಕ್ಬಹುದು?

ಕಾರವಾರದಿಂದ

ಬೈಕಿಂದು ಬೇಡ. 500ರ ಪಂಪು 12 ವೋಲ್ಟಲ್ಲಿ ಸುಮಾರು 2 ಆಂಪಿಯರ್ ಎಳೀತು, ಬೈಕಿನ 7 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯಲ್ಲಿ ಹಾಳಾಗದ ಹಾಗೆ ಬಳಸ್ಬಹುದಾದ್ದು ಅರ್ಧ, ಎರಡು ಗಂಟೆ ಹತ್ರ ಬರ್ತು ಅಷ್ಟೇ. 35 ಎಎಚ್ ಒಂದು ಹಾಕಿದ್ರೆ ಬೆಳಗಿಂದ ಮಧ್ಯಾಹ್ನದ ತನಕ ಯೋಚ್ನೆ ಇಲ್ಲ. ಬ್ಯಾಟರಿ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್ ಹಾಕಿ, ಪಂಪಿನ ಡಬ್ಬದ ಮೇಲೆ ಬೇರೆ ನಂಬರ್ ಬರೆದಿದ್ರೆ ಅದೇ ಹಾಕಿ. ವೈರ್ ಜಾಯಿಂಟ್ ಯಾವುದೂ ನೀರಿಗೆ ಮುಳುಗೋ ಕಡೆ ಬರೋದು ಬೇಡ, ಬರೀ ಟೇಪ್ ಸುತ್ತಿದ್ರೆ ಉಪ್ಪು ಒಳಗೆ ಹೋಗಿ ತಾಮ್ರ ಹಸಿರು ಪುಡಿ ಆಗ್ತು, ಒಳಗೆ ಗಮ್ ಇರೋ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಕುಗ್ಗಿ ಬಿಗಿಯೋ ಕೊಳವೆ) ಹಾಕಿ. ಮತ್ತೆ ಪ್ರತೀ ಸಲ ಬಂದ್ಮೇಲೆ ಬಕೆಟಲ್ಲಿ ಸಿಹಿನೀರು ಇಟ್ಟು ಪಂಪನ್ನ ಒಂದು ನಿಮಿಷ ಓಡ್ಸಿ.

ಮಲ್ಪೆಯಿಂದ

ಗೇಣುದ್ದದ ಬಂಗುಡೆ ಆದ್ರೆ ಒಂದಕ್ಕೆ ನಾಲ್ಕೈದು ಲೀಟರ್ ಲೆಕ್ಕ ಹಿಡೀರಿ, 20 ಸಾಕು ನಿಮ್ಮ ಟ್ಯಾಂಕಿಗೆ, ಬಿಸಿಲು ಜೋರಿದ್ರೆ 15. ಕೈಯಲ್ಲಿ ಮಾತ್ರ ಹಿಡೀಬೇಡಿ, ಒಣ ಕೈ ತಾಗಿದ್ರೆ ಮೈಮೇಲಿನ ಲೋಳೆ ಹೋಗ್ತದೆ, ಅಲ್ಲಿಂದಲೇ ಅದು ಕೆಡೋಕೆ ಶುರು. ಸಣ್ಣ ಗಾಳದ ಸಾಲಲ್ಲಿ ಹಿಡಿದವನ್ನ ಗಾಳದ ಬುಡ ತಿರುಗಿಸಿ ನೇರ ಟ್ಯಾಂಕಿಗೆ ಬೀಳಿಸಿ. ತೆಗೆಯೋಕೆ ಗಂಟಿಲ್ಲದ ಮೆತ್ತಗಿನ ಬಲೆಯ ಚಮಚ ಬಲೆ ಇಟ್ಕೊಳ್ಳಿ. ಹಾಕಿದ ಮೊದಲ ಅರ್ಧ ಗಂಟೆ ನೀರಿನ ಮೇಲೆ ಪೊರೆ ಮತ್ತು ನೊರೆ ಕಾಣ್ತದೆ, ಅದು ತನ್ನಷ್ಟಕ್ಕೆ ಹೋಗ್ತದೆ. ಹೋಗದೆ ನೊರೆ ಜಾಸ್ತಿ ಆಗ್ತಾ ಬಂದ್ರೆ ಮೀನು ಜಾಸ್ತಿ ಆಗಿದೆ ಅಂತ ಅರ್ಥ, ಕೆಲವನ್ನ ಬಿಟ್ಟುಬಿಡಿ. ಎಲ್ಲ ಮೇಲೆ ಬಂದು ಬಾಯಿ ಬಿಡ್ತಾ ಇದ್ರೆ ಮೊದ್ಲು ಪಂಪ್ ಪೈಪ್ ನೋಡಿ. ಸತ್ತದ್ದನ್ನ ಕಂಡ ಕೂಡ್ಲೆ ತೆಗೀರಿ.

ಉಳಿದ ಎರೆಯನ್ನ ನಾಳೆಗೆ ಅಂತ ಬಂದರಿನ ಒಳಗೆ ಬುಟ್ಟಿಯಲ್ಲಿ ಕಟ್ಟಿ ಇಡೋರು ಇದ್ದಾರೆ, ಡೀಸೆಲ್ ತೇಲೋ ನೀರಲ್ಲಿ ಬೆಳಿಗ್ಗೆ ತನಕ ಉಳಿಯಲ್ಲ. ಹೊರಗೆ ಬಿಟ್ಟು ಬನ್ನಿ, ಇಲ್ಲ ಮನೆಗೆ ಸಾರಿಗೆ ತಗೊಂಡು ಹೋಗಿ. ಡ್ರಮ್ ಕತ್ತರಿಸೋ ಮೊದ್ಲು ದೋಣಿ ಒಳಗೆ ಇಟ್ಟು ಅಳತೆ ನೋಡಿ, 18 ಅಡಿ ದೋಣಿಯಲ್ಲಿ ಎರಡು ಅಡ್ಡ ಹಲಗೆ ನಡುವೆ 58 ಸೆಂಟಿಮೀಟರ್ ಜಾಗ ಎಲ್ಲ ಕಡೆ ಸಿಗಲ್ಲ.